ಸುಟ್ಟ ಪದವು, ಏಳು ಭೇಟಿ

ಪದವು, ಅಂದರೆ ಕರಾವಳಿಯ ಬೋಳು ಗುಡ್ಡೆ, ಸುಟ್ಟ ಮೇಲೆ ಮತ್ತೆ ಹಸಿರಾಗುವುದನ್ನು ಏಳು ಭೇಟಿಯಲ್ಲಿ ಫೋಟೊ ತೆಗೆಯುವ ಬಗೆ ಇಲ್ಲಿದೆ. ಸುಟ್ಟ ಮರುದಿನವೇ ಕ್ಯಾಮೆರಾ ಹಿಡಿದು ಗುಡ್ಡೆ ಹತ್ತಬೇಡಿ. ಹುಲ್ಲಿನ ಬೆಂಕಿ ಬೇಗ ಹಾದುಹೋಗುತ್ತದೆ, ನಿಜ. ಆದರೆ ಒಣಗಿದ ಮರದ ಕುತ್ತಿಯೊಳಗೆ (ಉಳಿದ ಮೋಟಿನೊಳಗೆ), ಸತ್ತ ಬೇರಿನುದ್ದಕ್ಕೆ, ಹಳೆಯ ಗೇರುಮರದ ಪೊಟರೆಯಲ್ಲಿ ಕೆಂಡ ಎರಡು ಮೂರು ದಿನ ಹೊಗೆಯನ್ನೂ ಬಿಡದೆ ಕುಳಿತಿರುತ್ತದೆ. ಬೇರು ಉರಿದುಹೋದ ಜಾಗದಲ್ಲಿ ನೆಲದಡಿ ಸುರಂಗ ಉಳಿಯುತ್ತದೆ. ಮೇಲೆ ಬೂದಿ ಮುಚ್ಚಿರುವುದರಿಂದ ಕಾಲಿಟ್ಟ ಮೇಲೆಯೇ ಅದು ಗೊತ್ತಾಗುವುದು. ಬುಡದಲ್ಲಿ ಅರ್ಧ ಸುಟ್ಟ ಮರ ಬೀಳಲು ದೊಡ್ಡ ಗಾಳಿಯೂ ಬೇಕಾಗಿಲ್ಲ. ಕನಿಷ್ಠ ಮೂರು ರಾತ್ರಿ ಕಳೆಯಲಿ, ನಾಲ್ಕನೆಯ ದಿನ ಬೆಳಗ್ಗೆ ಹೊರಡಿ. ಕುತ್ತಿಯ ಹತ್ತಿರ ಟ್ರೈಪಾಡ್ ಊರುವ ಮೊದಲು ಅಂಗೈಯ ಹಿಂಬದಿಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು ನೋಡಿ. ಬಿಸಿ ತಟ್ಟಿದರೆ ಅಲ್ಲಿಂದ ಸರಿಯಿರಿ. ಎಲ್ಲಿಯಾದರೂ ಹೊಗೆ ಏಳುತ್ತಿದ್ದರೆ ಮೊದಲ ಕೆಲಸ ಫೋಟೊ ಅಲ್ಲ, ಫೋನ್: 112, ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926.

ಪದವು ಎಂದರೆ ಮಂಗಳೂರು, ಉಡುಪಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚಪ್ಪಟೆ ತಲೆಯ ಗುಡ್ಡೆ. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಒಣಹುಲ್ಲಿನ ಹಳದಿ. ಮಂಗಳೂರಿನ ಪದವಿನಂಗಡಿಯಂಥ ಊರಹೆಸರಿನಲ್ಲಿ ಪದವು ಇನ್ನೂ ಉಳಿದಿದೆ, ನೆಲ ಕಟ್ಟಡಗಳಡಿ ಹೋಗಿದೆ. ಕೊಣಾಜೆ, ಬಜ್ಪೆ, ಮೂಡುಬಿದಿರೆ, ಮಣಿಪಾಲದ ಸುತ್ತಮುತ್ತ ಉಳಿದಿರುವ ಪದವುಗಳ ಮೇಲೆ ಡಿಸೆಂಬರಿನ ಹೊತ್ತಿಗೆ ಮುಳಿಹುಲ್ಲು ಒಣಗುತ್ತದೆ. ಜನವರಿಯಿಂದ ಮೇ ತಿಂಗಳ ಮೊದಲ ಮಳೆಯವರೆಗೆ ಅದಕ್ಕೆ ಒಂದು ಕಿಡಿ ಸಾಕು. ಕಿಡಿ ಬರುವುದು ಹೆಚ್ಚಾಗಿ ಮನುಷ್ಯರಿಂದಲೇ: ಎಸೆದ ಬೀಡಿ ತುಂಡು, ಹೊಸ ಹುಲ್ಲು ಬರಲೆಂದು ಇಟ್ಟ ಬೆಂಕಿ, ಗೊಬ್ಬರಕ್ಕೆ ಸುಡುಮಣ್ಣು ಮಾಡಲು ಹೊತ್ತಿಸಿದ ತರಗೆಲೆಯ ರಾಶಿಯಿಂದ ಹಾರಿದ ಕೆಂಡ, ಗಾಳಿಗೆ ಒಂದಕ್ಕೊಂದು ತಾಗಿದ ವಿದ್ಯುತ್ ತಂತಿ.

ಈ ಬೆಂಕಿಯ ಸ್ವಭಾವ ತಿಳಿಯದಿದ್ದರೆ ಚಿತ್ರವೂ ತಪ್ಪುತ್ತದೆ. ಹುಲ್ಲಿನ ಬೆಂಕಿ ನೆಲಕ್ಕೆ ಹತ್ತಿರದಲ್ಲೇ, ವೇಗವಾಗಿ ಓಡುತ್ತದೆ. ಒಂದು ಜಾಗದಲ್ಲಿ ಅದು ನಿಲ್ಲುವುದು ಸ್ವಲ್ಪವೇ ಹೊತ್ತು, ಹಾಗಾಗಿ ಮೇಲ್ಮೈ ಕರಕಲಾದರೂ ಕೆಲವು ಸೆಂಟಿಮೀಟರ್ ಕೆಳಗಿನ ಮಣ್ಣು ಹೆಚ್ಚು ಕಾಯುವುದಿಲ್ಲ. ಮುಳಿಹುಲ್ಲಿನ ಚಿಗುರುಮೊಗ್ಗು ಇರುವುದು ಬುಡದಲ್ಲಿ, ಮಣ್ಣಿನ ಮಟ್ಟದಲ್ಲಿ. ನೆಲತಾಳೆಯ ಗೆಡ್ಡೆ, ಕಾಡರಸಿನದ ಗೆಡ್ಡೆ, ಕೇಪಳದ ಬೇರುಬುಡ ಎಲ್ಲವೂ ನೆಲದಡಿ ಸುರಕ್ಷಿತ. ಸತ್ತಿತೆಂದು ಕಾಣುವ ಪದವಿನಲ್ಲಿ ಸತ್ತದ್ದು ಬಹಳ ಕಡಿಮೆ. ಬೆಂಕಿ ನಿಂತು ಉರಿದಿರುವುದು ಬಿದ್ದ ಮರದಡಿ, ಅಕೇಶಿಯಾ ತೋಪಿನ ದಪ್ಪ ತರಗಿನಲ್ಲಿ, ಕಡಿದು ರಾಶಿ ಹಾಕಿದ ಕೊಂಬೆಗಳಡಿ. ನಿಜವಾದ ಹಾನಿ ಆಗಿರುವುದೂ ಅಲ್ಲೇ.

ಸುಟ್ಟ ಕಾಡಿನ ಚಿತ್ರ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಆಸ್ಟ್ರೇಲಿಯಾದ ಚಿತ್ರಗಳು. 2019-20ರ ದೊಡ್ಡ ಬೆಂಕಿಯ ನಂತರ ಅಲ್ಲಿಂದ ಬಂದವು: ಕಡುಗಪ್ಪು ನೀಲಗಿರಿ ಕಾಂಡದ ತುಂಬ ಕೆಂಪು-ಹಸಿರು ಚಿಗುರಿನ ಗೊಂಚಲು, ಸುಟ್ಟ ಬುಡದ ಮೇಲೆ ಮತ್ತೆ ಜಡೆ ಬಿಟ್ಟ ಹುಲ್ಲುಮರ, ಬೆಂಕಿಯ ಕಾವಿಗೇ ಬಾಯಿ ತೆರೆದ ಬ್ಯಾಂಕ್ಸಿಯಾ ಕಾಯಿ. ಅಲ್ಲಿನ ನೀಲಗಿರಿ ಜಾತಿಗಳಲ್ಲಿ ತೊಗಟೆಯಡಿ ಆಳದಲ್ಲಿ ಮಲಗಿರುವ ಮೊಗ್ಗುಗಳು ಕಾಂಡದುದ್ದಕ್ಕೂ ಎಚ್ಚರಗೊಳ್ಳುತ್ತವೆ. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಪದವಿಗೆ ಹೋದವರು ಕಾಂಡದ ಮೇಲೆ ಚಿಗುರು ಹುಡುಕಿ ನಿರಾಶರಾಗುತ್ತಾರೆ. ಇಲ್ಲಿ ಕಥೆ ನಡೆಯುವುದು ಹೆಚ್ಚಾಗಿ ಮಂಡಿಗಿಂತ ಕೆಳಗೆ, ಬುಡದಿಂದ ಒಟ್ಟೊಟ್ಟಾಗಿ ಏಳುವ ಚಿಗುರಿನಲ್ಲಿ. ಇನ್ನೊಂದು ವ್ಯತ್ಯಾಸವೂ ಇದೆ, ಈ ಬರಹದ ಮುಖ್ಯ ಮಾತು ಅದೇ: ನಮ್ಮ ಪದವಿನಲ್ಲಿ ಬೆಂಕಿಯ ನಂತರ ಬರುವ ಹಸಿರೆಲ್ಲ ಒಂದೇ ಅಲ್ಲ. ಇಲ್ಲಿನದೇ ಆದ ಮುಳಿಹುಲ್ಲಿನ ಹಸಿರು ಬೇರೆ, ಹೊರದೇಶದಿಂದ ಬಂದ ಅಕೇಶಿಯಾ ಸಸಿಯ ಹಸಿರು ಬೇರೆ, ಹಾಗೆಯೇ ಹೊರಗಿನಿಂದ ಬಂದು ಹಬ್ಬಿದ ಕಳೆಯಾದ ಕಮ್ಯುನಿಸ್ಟ್ ಗಿಡದ ಹಸಿರು ಬೇರೆ. ಕಪ್ಪು ನೆಲದಲ್ಲಿ ಒಂದು ಹಸಿರೆಲೆ ಕಂಡೊಡನೆ ಅದನ್ನು ತೆಗೆದು ‘ಮರುಹುಟ್ಟು’ ಎಂದು ಹೆಸರಿಡುವ ಮೊದಲು ಅದು ಯಾವ ಗಿಡ ಎಂದು ಬಗ್ಗಿ ನೋಡಬೇಕು.

ಮೊದಲ ಭೇಟಿ, ಅಂದರೆ ನಾಲ್ಕನೆಯ ದಿನ, ನೆಲ ಓದುವುದಕ್ಕೆ. ಬೂದಿಯ ಬಣ್ಣ ನೋಡಿ. ಕರಿ ಬೂದಿ ಎಂದರೆ ಅರೆಬರೆ ಉರಿದದ್ದು, ಬೆಂಕಿ ಓಡಿಹೋಗಿದೆ. ಬಿಳಿ ಬೂದಿ ಎಂದರೆ ಪೂರ್ತಿ ಉರಿದದ್ದು, ಬೆಂಕಿ ಅಲ್ಲಿ ನಿಂತಿತ್ತು. ಬಿದ್ದ ಮರವೊಂದು ಕೊನೆತನಕ ಉರಿದಿದ್ದರೆ ಕಪ್ಪು ನೆಲದ ಮೇಲೆ ಅದೇ ಆಕಾರದ ಬಿಳಿ ಗೆರೆ ಉಳಿದಿರುತ್ತದೆ, ಕೊಂಬೆಗಳ ಕವಲು ಸಹಿತ. ಒಂದು ಜೋರು ಗಾಳಿಗೆ ಅಥವಾ ಒಂದು ಹನಿಮಳೆಗೆ ಅದು ಅಳಿಯುತ್ತದೆ. ಹಾಗಾಗಿ ಅಂದು ಮೊದಲು ತೆಗೆಯಬೇಕಾದ್ದು ಅದನ್ನೇ. ನಡೆದಾಡಿ ಕೆಡಿಸಿದ ಮೇಲೆ ಸಿಗದು.

ಅನೇಕರು ಎಡವುವ ಜಾಗ ಇನ್ನೊಂದು. ಪದವಿನ ಪಾದೆ, ಅಂದರೆ ಬೋಳು ಬಂಡೆ ಹಾಸು, ಬೇಸಿಗೆಯಲ್ಲಿ ಹೇಗೂ ಕಪ್ಪಾಗಿಯೇ ಇರುತ್ತದೆ. ಮಳೆಗಾಲದ ಪಾಚಿ ಒಣಗಿ ಮುರಕಲ್ಲಿಗೆ ಅಂಟಿ ಕರಿ ಸಿಪ್ಪೆಯಾಗಿರುತ್ತದೆ. ದೂರದಿಂದ ಅದು ಸುಟ್ಟ ಕಲ್ಲಿನಂತೆಯೇ ಕಾಣುತ್ತದೆ. ಬೆರಳಿನಿಂದ ಉಜ್ಜಿ: ಬೆರಳಿಗೆ ಮಸಿ ಹತ್ತಿದರೆ ಬೆಂಕಿ, ಹತ್ತದಿದ್ದರೆ ಪಾಚಿ. ಚಿತ್ರದ ಕೆಳಗೆ ‘ಬೆಂಕಿಗೆ ಕಪ್ಪಾದ ಬಂಡೆ’ ಎಂದು ಬರೆಯುವ ಮೊದಲು ಇಷ್ಟು ಮಾಡಬಹುದು.

ಮರಗಳ ಕಾಂಡ ನೋಡಿದರೆ ಬೆಂಕಿ ಯಾವ ಕಡೆಯಿಂದ ಬಂತೆಂದು ತಿಳಿಯುತ್ತದೆ. ಗಾಳಿ ಬೀಸಿದ ಬದಿಯಲ್ಲಿ ಕರಕಲು ತಗ್ಗಿನಲ್ಲಿ ನಿಲ್ಲುತ್ತದೆ, ಗಾಳಿಯ ಮರೆಯ ಬದಿಯಲ್ಲಿ ಎತ್ತರಕ್ಕೆ ಏರುತ್ತದೆ. ಜ್ವಾಲೆ ಕಾಂಡವನ್ನು ಸುತ್ತಿ ಹಿಂಬದಿಯಲ್ಲಿ ಸುಳಿಯಾಗಿ ಮೇಲೇಳುವುದರಿಂದ ಹೀಗಾಗುತ್ತದೆ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ಕಡಲಿನಿಂದ, ಪಡುವಣದಿಂದ. ಮಧ್ಯಾಹ್ನ ಹೊತ್ತಿದ ಬೆಂಕಿಯಾದರೆ ಕರಕಲು ಎತ್ತರವಾಗಿರುವುದು ಮರದ ಮೂಡಣ ಬದಿಯಲ್ಲಿ. ಫೋಟೊ ತೆಗೆಯುವವರಿಗೆ ಇದರ ಉಪಯೋಗ ನೇರ: ಬೆಳಗಿನ ಬಿಸಿಲು ಕರಿ ಬದಿಗೆ ಬೀಳುತ್ತದೆ, ಸಂಜೆಯ ಬಿಸಿಲು ಸುಡದೆ ಉಳಿದ ಬೂದುಬಣ್ಣದ ತೊಗಟೆಗೆ ಬೀಳುತ್ತದೆ. ತೊಗಟೆಯ ಸೀಳು ಕಾಣಬೇಕಾದರೆ ಬೆಳಕು ಎದುರಿನಿಂದ ಬೀಳಬಾರದು, ಪಕ್ಕದಿಂದ ಸವರಬೇಕು. ಆದ್ದರಿಂದ ಬೆಳಗ್ಗೆ ಮರದ ತೆಂಕಣಕ್ಕೋ ಬಡಗಣಕ್ಕೋ ನಿಂತುಕೊಳ್ಳಿ. ಮತ್ತಿ ಮರ ಸಿಕ್ಕಿದರೆ ಬಿಡಬೇಡಿ. ಮೊಸಳೆಯ ಬೆನ್ನಿನ ಹಾಗೆ ಒಡೆದ ಅದರ ದಪ್ಪ ತೊಗಟೆ ಹೊರಗಡೆ ಇದ್ದಿಲಾಗಿ, ಸೀಳಿನೊಳಗೆ ಕಂದಾಗಿ ಉಳಿದಿರುತ್ತದೆ. ಆ ದಪ್ಪವೇ ಅದನ್ನು ಬದುಕಿಸಿದ್ದು.

ಬೆಳಕಿನ ಅವಧಿ ಇಲ್ಲಿ ಸಣ್ಣದು. ಮಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ಹುಟ್ಟುವುದು 6:12ರ ಆಸುಪಾಸು. ನಾವಿರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ, ಸೂರ್ಯ ಓರೆಯಾಗಿ ಅಲ್ಲ, ಹೆಚ್ಚು ಕಡಿಮೆ ನೆಟ್ಟಗೆ ಮೇಲೇರುತ್ತಾನೆ, ಗಂಟೆಗೆ ಸುಮಾರು 15 ಡಿಗ್ರಿ. ಏಳೂವರೆಯ ಹೊತ್ತಿಗೆ ಉದ್ದ ನೆರಳು ಮುಗಿಯಿತು. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಹನ್ನೆರಡೂವರೆಗೆ ಎರಡು ನಿಮಿಷ ಇರುವಾಗ ಸೂರ್ಯ ನೆತ್ತಿಯ ಮೇಲೆಯೇ ನಿಂತು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಕರಿ ನೆಲದ ಮೇಲೆ ಆ ಬೆಳಕು ಏನನ್ನೂ ತೋರಿಸುವುದಿಲ್ಲ, ಬರೀ ಝಳ. ಆರು ಗಂಟೆಗೆ ಮೊದಲು ಪದವಿನ ಮೇಲಿರಬೇಕು, ಎಂಟಕ್ಕೆ ಇಳಿಯಬೇಕು. ಬೆಳಗ್ಗೆ ಇನ್ನೊಂದು ಲಾಭ: ಕಡಲ ಗಾಳಿ ಏಳುವುದು ಸೂರ್ಯ ಚೆನ್ನಾಗಿ ಮೇಲೇರಿದ ಮೇಲೆ. ಅಲ್ಲಿಯವರೆಗೆ ಹುಲ್ಲಿನ ಎಸಳು ಅಲುಗದು, ಬೂದಿಯೂ ಹಾರದು. ಸಂಜೆಯ ಆಕಾಶ ಚೆಂದ, ಮಣಿಪಾಲದಂಥ ಎತ್ತರದಿಂದ ಕಡಲಂಚು ಕಾಣುತ್ತದೆ. ಆದರೆ ಉಪ್ಪಿನ ಮಬ್ಬು ಕವಿದು ದೂರದ್ದೆಲ್ಲ ಬಿಳುಚಾಗಿರುತ್ತದೆ. ಸಂಜೆಗೆ ಆಕಾಶವನ್ನು ಬಿಟ್ಟು ನೆಲಕ್ಕೆ ಕ್ಯಾಮೆರಾ ತಿರುಗಿಸುವುದು ಒಳ್ಳೆಯದು.

ಇನ್ನು ಎಕ್ಸ್‌ಪೋಶರ್. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತನ್ನೆದುರಿನದೆಲ್ಲ ನಡುಬೂದು ಎಂದು ಲೆಕ್ಕ ಹಾಕುತ್ತದೆ, ಅಂದರೆ ಬಿದ್ದ ಬೆಳಕಿನ ಶೇಕಡಾ 18ರಷ್ಟನ್ನು ಹಿಂತಿರುಗಿಸುವ ಬಣ್ಣ. ಇದ್ದಿಲು ಹಿಂತಿರುಗಿಸುವುದು ಅದರ ಕಾಲು ಭಾಗದಷ್ಟು. ಮೀಟರ್ ಹೇಳಿದ ಹಾಗೆ ತೆಗೆದರೆ ಸುಟ್ಟ ನೆಲ ಸಿಮೆಂಟಿನ ಬಣ್ಣಕ್ಕೆ ಬರುತ್ತದೆ, ಅದರ ಮೇಲಿನ ಬಿಳಿ ಬೂದಿ, ಎಳೆಹುಲ್ಲು ಎರಡೂ ಬೆಂದುಹೋಗುತ್ತವೆ. ಫ್ರೇಮಿನ ಮುಕ್ಕಾಲು ಭಾಗ ಕರಿ ನೆಲವಾದರೆ ಮೈನಸ್ 1ರಿಂದ ಮೈನಸ್ 1.7 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಅರ್ಧ ಆಕಾಶವಿದ್ದರೆ ಈ ಲೆಕ್ಕ ಬೇರೆ, ಮೀಟರನ್ನು ಆಕಾಶವೇ ಕೆಳಗೆಳೆದಿರುತ್ತದೆ. ಹಾಗೆಂದು ತೀರಾ ಇಳಿಸಲೂಬಾರದು. ಇದ್ದಿಲಿನ ಒಳವಿವರ ಇರುವುದು ಗಾಢ ನೆರಳಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ಕಾಳು ಕಾಳಾದ ನಾಯ್ಸ್ ಮಾತ್ರ ಸಿಗುತ್ತದೆ. ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲಿ, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100ರಲ್ಲಿ ತೆಗೆಯಿರಿ. ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ಎಡಕ್ಕೆ ವಾಲಿರಲಿ, ಎಡಗೋಡೆಗೆ ಅಂಟಿಕೊಂಡಿರಬಾರದು.

ಮುರಕಲ್ಲಿನ ನೆಲಕ್ಕೆ ವಿಶೇಷವಾದ ತೊಂದರೆಯೂ ಇದೆ. ಬೂದಿ ಸರಿದಲ್ಲಿ ಕಾಣುವ ಕೆಂಪು ಮಣ್ಣು ಬೆಳಗಿನ ಬೆಳಕಿನಲ್ಲಿ ಕೆಂಪು ಚಾನೆಲ್ಲನ್ನು ಮಾತ್ರ ತುಂಬಿಸಿ ಒಡೆಯುತ್ತದೆ. ಒಟ್ಟು ಹಿಸ್ಟೋಗ್ರಾಮ್ ಸರಿಯಾಗಿಯೇ ಕಾಣುತ್ತದೆ, ಆದರೆ ಮಣ್ಣಿನ ಕಣ ಕಾಣದೆ ಕುಂಕುಮ ಬಳಿದ ಹಾಗಾಗುತ್ತದೆ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಂಡು ಕೆಂಪು ಬಲಗೋಡೆಗೆ ತಾಗದಂತೆ ನೋಡಿಕೊಳ್ಳಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ. ಕೆಂಪು ಹೆಚ್ಚಿರುವ ಫ್ರೇಮಿನಲ್ಲಿ ಅದು ನೀಲಿಯತ್ತ ಓಡುತ್ತದೆ, ಮುಂದಿನ ಫ್ರೇಮಿನಲ್ಲಿ ವಾಪಸು ಬರುತ್ತದೆ. 5,200 ಕೆಲ್ವಿನ್ನಿಗೆ ಕಟ್ಟಿಹಾಕಿ, ಮೊದಲ ಫ್ರೇಮಿನಲ್ಲಿ ಬಣ್ಣ ಹೊಂದಿಸಲು ನಡುಬೂದು ಬಣ್ಣದ ಒಂದು ಗ್ರೇ ಕಾರ್ಡ್ ಹಿಡಿಯಿರಿ. ಏಳು ಭೇಟಿಯ ಚಿತ್ರಗಳು ಅಕ್ಕಪಕ್ಕ ಕುಳಿತುಕೊಳ್ಳಬೇಕಾದರೆ ಇದು ಬೇಕೇ ಬೇಕು.

ಮೊಬೈಲಿನಲ್ಲಿ ತೆಗೆಯುವವರಿಗೆ ಶತ್ರು ಎಂದರೆ ಬೆಳಕು-ನೆರಳನ್ನು ಸಮ ಮಾಡಲು ತಾನಾಗಿ ಬರುವ ಎಚ್‌ಡಿಆರ್. ನೆರಳೆಲ್ಲವನ್ನೂ ಎತ್ತಿ ಇದ್ದಿಲನ್ನು ಬೂದು ಮಾಡುತ್ತದೆ, ಹಸಿರಿಗೆ ಬಣ್ಣ ತುಂಬುತ್ತದೆ. ಪ್ರೊ ಮೋಡ್ ಇದ್ದರೆ ಅದರಲ್ಲಿ ರಾ ತೆಗೆಯಿರಿ. ಇಲ್ಲದಿದ್ದರೆ ಪರದೆಯ ಮೇಲೆ ಬಿಳಿ ಬೂದಿಯನ್ನು ಮುಟ್ಟಿ ಫೋಕಸ್ ಕಟ್ಟಿ, ಬೆರಳು ಕೆಳಗೆಳೆದು ಬೆಳಕು ಇಳಿಸಿ.

ಲೆನ್ಸಿನ ವಿಷಯದಲ್ಲಿ ತುಂಬ ಅಗಲದ ಲೆನ್ಸ್ ಸುಟ್ಟ ಪದವಿಗೆ ಒಗ್ಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. 16 ಮಿ.ಮೀ.ನಲ್ಲಿ ಕಡ್ಡಿ, ಕಲ್ಲು, ಕುತ್ತಿ ಎಲ್ಲ ಒಂದೇ ಗಾತ್ರದ ಕರಿ ಚುಕ್ಕೆಗಳಾಗಿ ಚೆಲ್ಲಾಡುತ್ತವೆ. 35 ಮತ್ತು 50 ಮಿ.ಮೀ. ಒಳ್ಳೆಯದು, ಎದುರು ಗುಡ್ಡೆಯಲ್ಲಿ ಸುಟ್ಟದ್ದಕ್ಕೂ ಸುಡದ್ದಕ್ಕೂ ನಡುವಿನ ಅಂಚನ್ನು ಹಿಡಿಯಲು 70-200. ಆ ಅಂಚೇ ಪದವಿನ ಅತಿ ಸ್ಪಷ್ಟ ರೇಖೆ. ಅದು ಕಾಲುದಾರಿಗೆ, ಪಾದೆಗೆ, ಕಟ್ಟಪುಣಿಗೆ (ಬದುವಿಗೆ) ತಾಗಿ ನಿಂತಿರುತ್ತದೆ, ಏಕೆ ನಿಂತಿತು ಎಂಬುದೂ ಚಿತ್ರದಲ್ಲೇ ಕಾಣುತ್ತದೆ. ಮುನ್ನೆಲೆಯ ಚಿಗುರಿನಿಂದ ಹಿಂದಿನ ಮರದವರೆಗೆ ಎಲ್ಲವೂ ನಿಚ್ಚಳವಾಗಬೇಕಾದರೆ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ., ಎಫ್ 11 ಅಪರ್ಚರಿನಲ್ಲಿ (ಲೆನ್ಸಿನ ರಂಧ್ರದ ಅಳತೆ) 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿ. ಮುಕ್ಕಾಲು ಪಾಲು ಕೆಲಸಕ್ಕೆ ಇದು ಸಾಕು, 90 ಸೆಂಟಿಮೀಟರಿನಿಂದ ಆಚೆಗೆಲ್ಲ ಹಿಡಿತಕ್ಕೆ ಬರುತ್ತದೆ. ಎಫ್ 16 ದಾಟಿದರೆ ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್ನಿನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ.

ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಯ್ಯಿರಿ, ಆಕಾಶ ನೀಲಿ ಮಾಡಲಿಕ್ಕಲ್ಲ. ಇದ್ದಿಲಿನ ಮೇಲ್ಮೈಗೆ ಒಂದು ಹೊಳಪಿದೆ. ಓರೆ ಬೆಳಕಿನಲ್ಲಿ ಅದು ಬೆಳ್ಳಿಯ ಹಾಗೆ ಮಿಂಚಿ ಕರಿಬಣ್ಣವನ್ನೇ ತಿನ್ನುತ್ತದೆ. ಫಿಲ್ಟರ್ ತಿರುಗಿಸುತ್ತ ಹೋದರೆ ಮಿಂಚು ಇಳಿದು ತೊಗಟೆಯ ಚೌಕಗಳು ಏಳುವುದು ಕಾಣುತ್ತದೆ. ಪೂರ್ತಿ ತೆಗೆದರೆ ಇದ್ದಿಲು ಬಟ್ಟೆಯ ಹಾಗೆ ಸಪ್ಪೆಯಾಗುತ್ತದೆ, ಅರ್ಧಕ್ಕೆ ನಿಲ್ಲಿಸಿ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಹೋಗುತ್ತದೆ, ಹಾಗಾಗಿ ಟ್ರೈಪಾಡ್ ಬೇಕಾಗುತ್ತದೆ.

ಬೂದಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಉಪಕರಣ ಹಾಳಾಗುವುದು ಅದರಿಂದ. ಹುಲ್ಲಿನ ಬೂದಿ ಅಡುಗೆಮನೆಯ ಸೌದೆ ಬೂದಿಯಂಥದ್ದಲ್ಲ. ಹುಲ್ಲಿನ ಎಸಳಿನಲ್ಲಿ ಸಿಲಿಕಾ ಇರುತ್ತದೆ. ಎಸಳು ಉರಿದರೂ ಅದು ಉರಿಯುವುದಿಲ್ಲ, ಸಣ್ಣ ಗಾಜಿನ ಕಣಗಳಾಗಿ ಬೂದಿಯಲ್ಲಿ ಉಳಿಯುತ್ತದೆ. ಲೆನ್ಸಿನ ಮೇಲೆ ಕುಳಿತ ಬೂದಿಯನ್ನು ಅಂಗಿಯ ಚುಂಗಿನಿಂದಲೋ ಮೈಕ್ರೊಫೈಬರ್ ಬಟ್ಟೆಯಿಂದಲೋ ಒರೆಸಿದರೆ ಲೇಪನದ ಮೇಲೆ ಕೂದಲೆಳೆಯ ಗೀರು ಬೀಳುತ್ತದೆ. ಮೊದಲು ರಬ್ಬರ್ ಬ್ಲೋವರಿನಿಂದ ಊದಿ, ಲೆನ್ಸನ್ನು ಕೆಳಮುಖ ಮಾಡಿ. ಬಾಯಿಯಿಂದ ಊದಬೇಡಿ, ಎಂಜಲು ಹನಿ ಬೂದಿಯನ್ನು ಅಂಟಿಸುತ್ತದೆ. ಆಮೇಲೆ ಮೆತ್ತನೆಯ ಕುಂಚ, ಕೊನೆಗೆ ಬಟ್ಟೆ. ಪದವಿನ ಮೇಲೆ ಲೆನ್ಸ್ ಬದಲಿಸಲೇಬಾರದು. ಒಂದು ಕಣ ಸೆನ್ಸರಿನ ಮೇಲೆ ಕುಳಿತರೆ ಎಫ್ 11ರ ಪ್ರತಿ ಆಕಾಶದಲ್ಲೂ ಅದೇ ಜಾಗದಲ್ಲಿ ಕಲೆ. ಬದಲಿಸಲೇಬೇಕಾದರೆ ಕಾರಿನೊಳಗೆ, ಗಾಜು ಏರಿಸಿ. ಚೀಲವನ್ನು ನೆಲಕ್ಕಿಡಬೇಡಿ, ಒಂದು ಖಾಲಿ ಸಿಮೆಂಟ್ ಚೀಲವೋ ಗೋಣಿಯೋ ಇದ್ದರೆ ಹಾಸಿಕೊಳ್ಳಿ.

ಬೂದಿ ಕ್ಷಾರ. ಕರಾವಳಿಯ ತೇವ ಸೇರಿದರೆ ಅದು ಕೆಸರಿನ ಹಾಗೆ ಟ್ರೈಪಾಡಿನ ಕೀಲುಗಳಲ್ಲಿ ಹಿಡಿದುಕೊಂಡು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ತಿರುಗಿಸುವ ಲಾಕ್ ಕರಕರ ಎನ್ನತೊಡಗುತ್ತದೆ. ಮನೆಗೆ ಬಂದ ದಿನವೇ ಕಾಲುಗಳನ್ನು ಪೂರ್ತಿ ಎಳೆದು, ಲಾಕ್ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಂದು ರಾತ್ರಿ ಒಣಗಿಸಿ, ಎಳೆಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಕಾಲು ಮಡಚಿಟ್ಟು ಒಣಗಿಸಿದರೆ ನೀರು ಒಳಗೇ ನಿಲ್ಲುತ್ತದೆ. ಎಸಿ ಕೋಣೆಯಲ್ಲಿಟ್ಟ ಕ್ಯಾಮೆರಾವನ್ನು ಹೊರಡುವ ಅರ್ಧ ಗಂಟೆ ಮೊದಲೇ ಚೀಲ ಮುಚ್ಚಿಯೇ ಹೊರಗಿಡಿ. ಇಲ್ಲದಿದ್ದರೆ ಲೆನ್ಸ್ ಮೇಲೆ ಹನಿ ಕಟ್ಟಿ, ಆ ಹನಿಗೆ ಬೂದಿ ಕೂರುತ್ತದೆ.

ಎಲ್ಲಿ ಸುಟ್ಟಿದೆ ಎಂದು ತಿಳಿಯಲು ಊರವರ ಮಾತೇ ಉತ್ತಮ. ನಾಸಾದ ಫರ್ಮ್ಸ್ ನಕ್ಷೆ ಬೆಂಕಿಯನ್ನು 375 ಮೀಟರ್ ಚೌಕದಲ್ಲಿ ತೋರಿಸುತ್ತದೆ, ಆದರೆ ಉಪಗ್ರಹ ಹಾದುಹೋಗುವ ಎರಡು ಹೊತ್ತಿನ ನಡುವೆ ಹೊತ್ತಿ ಆರಿದ ಹುಲ್ಲಿನ ಬೆಂಕಿ ಅದಕ್ಕೆ ಸಿಗುವುದಿಲ್ಲ. ಐದು ದಿನಕ್ಕೊಮ್ಮೆ ಬರುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಸುಟ್ಟ ಕಲೆಯ ಅಂಚು ಚೆನ್ನಾಗಿ ಕಾಣುತ್ತದೆ. ಜೂನ್ ಬಂದ ಮೇಲೆ ಮೋಡದಿಂದಾಗಿ ಅದೂ ಕುರುಡು.

ಗುಡ್ಡೆ ಯಾರದ್ದು ಎಂದು ಕೇಳಿಯೇ ಹತ್ತಿ. ಪಕ್ಕದ ಮನೆಯವರ ವರ್ಗ (ಪಟ್ಟಾ) ಜಾಗವೋ, ಅದಕ್ಕೆ ತಾಗಿ ಅವರು ಸೊಪ್ಪು ಸೌದೆಗೆ ಬಳಸುವ ಸರಕಾರದ ಕುಮ್ಕಿಯೋ, ಬೇರೆ ಸರಕಾರಿಯೋ, ಮೀಸಲು ಅರಣ್ಯವೋ ನೋಡಿದರೆ ತಿಳಿಯುವುದಿಲ್ಲ. ಕುಮ್ಕಿ ಜಾಗದಲ್ಲಿ ಟ್ರೈಪಾಡ್ ಊರಿದವರನ್ನು ಸರ್ವೆಯವರು ಎಂದುಕೊಳ್ಳುವುದು ಸಹಜ, ಬೆಂಕಿ ಬಿದ್ದ ಮೇಲೆಯಂತೂ ಯಾರ ಮೇಲೆ ದೂರು ಹೋಗುತ್ತದೋ ಎಂಬ ಅಂಜಿಕೆ ಇರುತ್ತದೆ. ಅಂಗಳದಲ್ಲಿ ನಿಂತು, ‘ಅಕ್ಕಾ, ಗುಡ್ಡೆಯಲ್ಲಿ ಹುಲ್ಲು ಚಿಗುರುವುದರ ಫೋಟೊ ತೆಗೆಯುವುದಕ್ಕೆ ಬಂದದ್ದು, ಮಳೆಗಾಲ ಮುಗಿಯುವವರೆಗೆ ಆಗಾಗ ಬರುತ್ತೇವೆ’ ಎಂದು ಹೇಳಿದರೆ ಮುಗಿಯಿತು. ಎಷ್ಟು ಹೊತ್ತಿಗೆ ಹೊತ್ತಿತು, ಗಾಳಿ ಎತ್ತಣಿಂದಿತ್ತು, ಹಿಂದೆ ಯಾವಾಗ ಸುಟ್ಟಿತ್ತು ಎಂಬುದೆಲ್ಲ ಅಲ್ಲೇ ಸಿಗುತ್ತದೆ. ಕುದುರೆಮುಖದ ಕಡೆಯ ಹುಲ್ಲುಗಾವಲುಗಳಿಗೆ ಇಲಾಖೆಯ ಅನುಮತಿ ಬೇಕು. ಬೆಂಕಿಯ ದಿನಗಳಲ್ಲಿ ಚಾರಣವನ್ನೇ ನಿಲ್ಲಿಸುವುದುಂಟು.

ಸುಟ್ಟ ಪದವಿನ ನಡುವೆ ಹಸಿರಾಗಿ ಉಳಿದ ಒಂದು ದ್ವೀಪ ಕಂಡರೆ ಅದು ನಾಗಬನ ಆಗಿರಬಹುದು. ದಟ್ಟ ನೆರಳು, ಒದ್ದೆ ತರಗು, ಕಲ್ಲಿನ ಕಟ್ಟೆ. ಹುಲ್ಲಿನ ಬೆಂಕಿ ಅಂಚಿಗೆ ಬಂದು ನಿಂತಿರುತ್ತದೆ. ಒಳಗೆ ಹೋಗದೆ ಹೊರಗಿನಿಂದ, 70 ಮಿ.ಮೀ.ನಲ್ಲಿ, ಕರಿ ಹೊಲದ ನಡುವಿನ ಹಸಿರು ಗುಪ್ಪೆಯಾಗಿ ತೆಗೆಯಿರಿ. ಒಳಗಿನ ಕಲ್ಲುಗಳ ಚಿತ್ರ ಬೇಡ.

ಕಾಲಡಿ ನೋಡಿ ನಡೆಯಬೇಕಾದ ಕಾರಣ ಕೆಂಡವೊಂದೇ ಅಲ್ಲ. ಹಳದಿ ಟಿಟ್ಟಿಭ ಮೊಟ್ಟೆಯಿಡುವುದು ಮಳೆಗೆ ಮುಂಚಿನ ಬೇಸಿಗೆಯಲ್ಲೇ, ಬಯಲು ನೆಲದಲ್ಲಿ, ಸಾಮಾನ್ಯವಾಗಿ ನಾಲ್ಕು. ಮಣ್ಣು ಬಣ್ಣಕ್ಕೆ ಕರಿ ಚುಕ್ಕೆ, ಮುರಕಲ್ಲಿನ ಚೂರಿನ ನಡುವೆ ಕಣ್ಣಿಗೆ ಬೀಳುವುದಿಲ್ಲ. ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತತೊಡಗಿದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಹಳೆಯ ಕೆಂಪುಕಲ್ಲಿನ ಕೋರೆಗಳ ಅಂಚು ಗೋಡೆಯಷ್ಟು ನೆಟ್ಟಗಿರುತ್ತದೆ. ಸುಟ್ಟ ಮೇಲೆ ಅದು ಕಾಣುತ್ತದೆ, ಆಗಸ್ಟಿನಲ್ಲಿ ಹುಲ್ಲು ಮುಚ್ಚಿದ ಮೇಲೆ ಕಾಣುವುದಿಲ್ಲ. ಮೊದಲ ಭೇಟಿಯಲ್ಲೇ ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಿಡಿ. ಚೇರೆ ಮರಕ್ಕೆ ಒರಗಬೇಡಿ, ಬಿರುಕಿನಿಂದ ಒಸರುವ ಅದರ ಸೊನೆ ಚರ್ಮಕ್ಕೆ ಬೊಕ್ಕೆ ತರುತ್ತದೆ.

ಎರಡನೆಯ ಭೇಟಿ ಹನ್ನೆರಡನೆಯ ದಿನದ ಹೊತ್ತಿಗೆ. ಮಳೆ ಬರದಿದ್ದರೂ ಮುಳಿಹುಲ್ಲು ಚಿಗುರಿರುತ್ತದೆ. ಸುಟ್ಟ ಬುಡದ ಕರಿ ಮೊಂಡುಗಳ ನಡುವಿನಿಂದ ಬೆರಳುದ್ದದ ಎಳೆಗಳು, ತುದಿ ಸ್ವಲ್ಪ ಕೆಂಪು. ಕ್ಯಾಮೆರಾವನ್ನು ನೆಲದಿಂದ ಇಪ್ಪತ್ತು ಸೆಂಟಿಮೀಟರಿಗೆ ಇಳಿಸಿ, ಸೂರ್ಯ ಎದುರಿಗಿರುವಂತೆ ಕೂತರೆ ಎಳೆಗಳು ಬೆಳಕು ಸೋಸುತ್ತವೆ, ಹಿಂದಿನ ಕರಿ ನೆಲ ತಾನೇ ಪರದೆಯಾಗುತ್ತದೆ. ಈ ಚಿಗುರು ಹಸಿರಿಗಿಂತ ಹೆಚ್ಚಾಗಿ ಹಳದಿಯ ಕಡೆಗಿರುತ್ತದೆ. ಬಣ್ಣ ತಿದ್ದುವಾಗ ಅದನ್ನು ಬಾಳೆಎಲೆಯ ಹಸಿರಿಗೆ ಎಳೆದವರು ಚಿಗುರಿನ ವಯಸ್ಸನ್ನೇ ಅಳಿಸುತ್ತಾರೆ.

ಇದೇ ದಿನಗಳಲ್ಲಿ ಕವಲು ಮರ ಹೂ ಬಿಟ್ಟಿರಬಹುದು, ತುಳುವಿನಲ್ಲಿ ದಡ್ಡಾಲ್ ಎನ್ನುತ್ತಾರೆ. ಬೆಂಕಿ ತಡೆಯುವ ದಪ್ಪ ತೊಗಟೆ ಇದರದ್ದು. ಹಿಂದೆ ಆ ನಾರನ್ನು ಕೋವಿಗೆ ಬತ್ತಿಯಾಗಿ ಬಳಸುತ್ತಿದ್ದರು, ಭಗ್ಗನೆ ಉರಿಯದೆ ನಿಧಾನಕ್ಕೆ ಕನಲುತ್ತಿತ್ತು. ಹೂ ರಾತ್ರಿ ಅರಳಿ ಬೆಳಗಾಗುವಾಗ ಬಿಳಿ-ಗುಲಾಬಿ ಕೇಸರಗಳ ಕುಚ್ಚು ಉದುರುತ್ತದೆ. ಕರಿ ನೆಲದ ಮೇಲೆ ಆ ಕುಚ್ಚುಗಳು ಬಿದ್ದಿರುವುದನ್ನು ಸೂರ್ಯ ಮೇಲೇರುವ ಮೊದಲು, ನೆರಳಿನ ಮೆತ್ತನೆಯ ಬೆಳಕಿನಲ್ಲಿ ತೆಗೆಯಬೇಕು. ಎಂಟು ಗಂಟೆಗೆ ಬಾಡುತ್ತವೆ. ಒಂದನ್ನೂ ಸರಿಸಿ ಜೋಡಿಸಬೇಡಿ, ಬೂದಿಯಲ್ಲಿ ಬೆರಳ ಗುರುತು ಕಾಣುತ್ತದೆ, ಚಿತ್ರ ಸುಳ್ಳಾಗುತ್ತದೆ.

ಮೂರನೆಯ ಭೇಟಿ ಮೊದಲ ಗುಡುಗು ಮಳೆಯ ಮರುದಿನ, ಸಾಮಾನ್ಯವಾಗಿ ಭರಣಿ ಅಥವಾ ಕೃತ್ತಿಕೆ ಮಳೆಯ ಹೊತ್ತು. ಮಳೆ ಬರುತ್ತಿರುವಾಗ ಅಲ್ಲ. ಬೋಳು ಪದವಿನ ಮೇಲೆ ಅತಿ ಎತ್ತರದ ವಸ್ತು ಟ್ರೈಪಾಡ್ ಹಿಡಿದ ಮನುಷ್ಯನೇ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಕೂಡಲೇ ಇಳಿಯಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗದೆ ಮತ್ತೆ ಹತ್ತಬಾರದು. ಮಳೆಯ ಮರುದಿನ ಬೂದಿ ಇಳಿಜಾರಿನಲ್ಲಿ ಹರಿದು ಕಲ್ಲಿನ ಹಿಂದೆ ಅರ್ಧಚಂದ್ರದ ಕರಿ ದಂಡೆಗಳಾಗಿ ನಿಂತಿರುತ್ತದೆ, ನಡುವೆ ಕೆಂಪು ನೆಲ ತೊಳೆದು ಕಾಣುತ್ತದೆ. ಹೊಸ ಎಲೆಗಳ ಅಡಿಭಾಗಕ್ಕೆ ಮಸಿಯ ಚುಕ್ಕೆ ಸಿಡಿದಿರುತ್ತದೆ. ಕಾಸರ್ಕದ ಹೊಳೆಯುವ ಎಲೆಯಲ್ಲಿ ಇದು ತುಂಬ ಸ್ಪಷ್ಟ, ಪೋಲರೈಸರ್ ಇಲ್ಲೂ ಬೇಕು. ಕಪ್ಪುಬಿಳುಪಿಗೆ ತಿರುಗಿಸುವ ಆಸೆ ಮೊದಲ ಭೇಟಿಯಲ್ಲೇ ಹುಟ್ಟುತ್ತದೆ; ಕೆಂಪು, ಕಪ್ಪು, ಹಳದಿ-ಹಸಿರು ಈ ಮೂರೂ ಇರುವ ಈ ದಿನವನ್ನು ನೋಡಿದವರು ಆ ಆಸೆ ಬಿಡುತ್ತಾರೆ.

ಮಿಥುನದ ಮಳೆ ಹಿಡಿದ ಮೇಲೆ, ಜೂನ್ ನಡುವಿಗೆ, ನಾಲ್ಕನೆಯದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನೆಲ, ಬೂದಿಯ ಕುರುಹೆಲ್ಲ ತೊಳೆದಿರುತ್ತದೆ. ಕರಕಲು ಉಳಿದಿರುವುದು ಕಾಂಡಗಳಲ್ಲಿ ಮಾತ್ರ. ನೆಲತಾಳೆಯ ಹಳದಿ ನಕ್ಷತ್ರಗಳು, ಕಾಡರಸಿನದ ತಿಳಿಗುಲಾಬಿ ಹೂದಂಡೆ ಎದ್ದಿರುತ್ತವೆ. ಪಾದೆಯ ಪಾಚಿ ಜೀವ ಬಂದು ಎಣ್ಣೆಯ ಹಾಗೆ ಜಾರುತ್ತದೆ. ಇಲ್ಲಿ ಬಿದ್ದು ಒಡೆದ ಲೆನ್ಸುಗಳು ಬೂದಿಯಿಂದ ಕೆಟ್ಟವುಗಳಿಗಿಂತ ಕಡಿಮೆಯೇನಲ್ಲ.

ಹಸಿರನ್ನು ಬೇರ್ಪಡಿಸಿ ನೋಡಬೇಕಾದ್ದು ಈಗ. ಅಕೇಶಿಯಾ ತೋಪು ಸುಟ್ಟ ಜಾಗಕ್ಕೆ ಹೋಗಿ. ತೆಳು ತೊಗಟೆಯ ದೊಡ್ಡ ಮರಗಳು ಬಹುಪಾಲು ಸತ್ತಿರುತ್ತವೆ, ಆದರೆ ನೆಲದಲ್ಲಿ ಬಿದ್ದಿದ್ದ ಗಟ್ಟಿ ಸಿಪ್ಪೆಯ ಬೀಜ ಬೆಂಕಿಯ ಕಾವಿಗೆ ಬಿರಿದು ಚಾಪೆ ಹಾಸಿದ ಹಾಗೆ ಮೊಳೆತಿರುತ್ತದೆ. ಎಳೆಸಸಿಯಲ್ಲಿ ಮೊದಲು ಗರಿಯಂಥ ಸೀಳೆಲೆ, ಆಮೇಲೆ ಕುಡುಗೋಲಿನ ಆಕಾರದ ಅಗಲ ತೊಟ್ಟು. ಒಂದೇ ಸಸಿಯಲ್ಲಿ ಎರಡೂ ಕಂಡರೆ ಅದೇ. ಕಮ್ಯುನಿಸ್ಟ್ ಗಿಡ ಬುಡದಿಂದಲೂ ಚಿಗುರುತ್ತದೆ, ಗಾಳಿಯಲ್ಲಿ ತೇಲಿಬಂದ ಬೀಜದಿಂದಲೂ ಹುಟ್ಟುತ್ತದೆ. ಎಲೆ ತ್ರಿಕೋನ, ಮೂರು ನರ, ತಿಕ್ಕಿದರೆ ಗಾಟು ವಾಸನೆ. ಬೇಸಿಗೆಯಲ್ಲಿ ಅದು ಒಣಗಿ ಕಡ್ಡಿಯಾಗಿ ಮುಂದಿನ ಬೆಂಕಿಯನ್ನು ಹುಲ್ಲಿಗಿಂತ ಎತ್ತರಕ್ಕೆ ಒಯ್ಯುತ್ತದೆ. ಗೇರು ತೆಳು ತೊಗಟೆಯದ್ದು, ಬೆಂಕಿ ತಡೆಯುವುದಿಲ್ಲ. ಇನ್ನೊಂದು ಕಡೆ ನೆಲ್ಲಿ, ಕೇಪಳ, ಕುಂಟುನೇರಳೆ ಬುಡದಿಂದ ಏಳೆಂಟು ಕವಲಾಗಿ ಎದ್ದಿರುತ್ತವೆ. ದೂರದ ಚಿತ್ರದಲ್ಲಿ ಇವೆಲ್ಲವೂ ಒಂದೇ ಹಸಿರು. ಹಾಗಾಗಿ ಪ್ರತಿ ಅಗಲ ಚಿತ್ರದ ಜೊತೆಗೆ ಅದರೊಳಗಿನ ಒಂದು ಮೀಟರ್ ಚೌಕವನ್ನು ನೇರ ಮೇಲಿನಿಂದ ತೆಗೆದಿಡಿ. ನಾಲ್ಕು ಕೋಲು ಜೋಡಿಸಿದ ಚೌಕಟ್ಟು ಸಾಕು. ಪದವು ಮರಳಿತೋ ಬೇರೆ ಏನೋ ಬಂತೋ ಎಂಬುದು ಆ ಚೌಕದಲ್ಲಿ ತಿಳಿಯುತ್ತದೆ.

ಉಳಿದ ಮೂರು ಭೇಟಿಗಳು ಆಗಸ್ಟ್, ಅಕ್ಟೋಬರ್, ಜನವರಿ. ಆಗಸ್ಟಿನಲ್ಲಿ ನೀರು ನಿಂತ ಪಾದೆಯ ಮೇಲೆ ಕೀಟ ತಿನ್ನುವ ಯುಟ್ರಿಕ್ಯುಲೇರಿಯಾದ ಸಣ್ಣ ನೀಲಿ ಹೂಗಳು ಬಂದಿರುತ್ತವೆ, ಸುಟ್ಟ ಪಾದೆಗೂ ಸುಡದ ಪಾದೆಗೂ ಹೋಲಿಸಿ ತೆಗೆಯಬಹುದು. ಆದರೆ ಈ ಎಲ್ಲ ಭೇಟಿಗಳಿಗೆ ಬೆನ್ನೆಲುಬು ಎಂದರೆ ಮೊದಲ ದಿನವೇ ಗೊತ್ತುಮಾಡಿದ ಮೂರು ನಿಂತಜಾಗ. ಗುರುತಿಗೆ ಬಣ್ಣ ಬಳಿಯುವುದು ಬೇಡ. ಸರ್ವೆ ಕಲ್ಲು, ಪಾದೆಯ ಮೂಲೆ, ಕಟ್ಟಪುಣಿಯ ತುದಿಯಂಥ ಅಲುಗದ ವಸ್ತುವಿನಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಬರೆದಿಡಿ. ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೋಗುವುದರಿಂದ ಅದೊಂದನ್ನೇ ನಂಬಬೇಡಿ. ಅದೇ ಲೆನ್ಸ್, ಅದೇ ಗಂಟೆ, ನೆಲದಿಂದ ಲೆನ್ಸಿಗೆ 120 ಸೆಂಟಿಮೀಟರ್, ಟೇಪಿನಲ್ಲಿ ಅಳೆದು. ಹಿಂದಿನ ಚಿತ್ರವನ್ನು ಮೊಬೈಲಿನಲ್ಲಿ ತೆರೆದು, ಹತ್ತಿರದ ಕುತ್ತಿಯ ತುದಿ ಹಿಂದಿನ ಮರದ ಯಾವ ಕವಲಿಗೆ ತಾಗುತ್ತದೆ ಎಂದು ಹೊಂದಿಸಿ. ಹತ್ತಿರದ್ದು ಮತ್ತು ದೂರದ್ದು ಎರಡೂ ಕೂಡಿದರೆ ಮಾತ್ರ ನೀವು ಅದೇ ಜಾಗದಲ್ಲಿದ್ದೀರಿ.

ಅಚ್ಚು ಹಾಕಿಸುವುದಾದರೆ ಮ್ಯಾಟ್ ಕಾಗದ ಬೇಡ. ಅದರ ಕಪ್ಪು ಒಂದು ಹಂತಕ್ಕೆ ನಿಂತು ಇದ್ದಿಲೆಲ್ಲ ಒಂದೇ ಬೂದು ಕಪ್ಪಾಗುತ್ತದೆ. ಗಾಢ ಕಪ್ಪು ಕೊಡುವ, ಸ್ವಲ್ಪ ಹೊಳಪಿನ ಬರೈಟಾ ಕಾಗದದಲ್ಲಿ ಮಸಿಗೂ ಇದ್ದಿಲಿಗೂ ವ್ಯತ್ಯಾಸ ಉಳಿಯುತ್ತದೆ.

ಅಕ್ಟೋಬರಿನ ಭೇಟಿಯಲ್ಲಿ ಒಂದು ತೊಡಕು ಬರುತ್ತದೆ. ಮುಳಿಹುಲ್ಲು ತೆನೆ ಬಿಟ್ಟು ಎದೆಯೆತ್ತರಕ್ಕೆ ಬಂದಿರುತ್ತದೆ. 120 ಸೆಂಟಿಮೀಟರಿನ ಲೆನ್ಸಿನೆದುರು ಕುತ್ತಿಯಿಲ್ಲ, ಕರಕಲು ಕಾಂಡವಿಲ್ಲ, ಕೆಂಪು ನೆಲವಿಲ್ಲ, ತೆನೆಗಳೇ. ಟ್ರೈಪಾಡ್ ಎತ್ತರಿಸಿದರೆ ಹಿಂದಿನ ಮರ ಕಾಣುತ್ತದೆ, ಚಿತ್ರವೂ ಚೆಂದವಾಗುತ್ತದೆ. ಎತ್ತರಿಸಬೇಡಿ. ಹುಲ್ಲನ್ನು ತುಳಿದು ಜಾಗ ಮಾಡಲೂಬೇಡಿ. ಗಾಳಿಗೆ ತೆನೆ ಅಲುಗುವುದರಿಂದ ಶಟರ್ 1/250ಕ್ಕೆ ಏರಿಸಿ, ಐಎಸ್ಒ 400ಕ್ಕೆ ಹೋಗಲಿ, ಫೋಕಸ್ಸನ್ನು ಮೊದಲ ದಿನ ಕುತ್ತಿ ಇದ್ದ ದೂರಕ್ಕೇ ಕಟ್ಟಿ, ಕಾಣುವಷ್ಟನ್ನೇ ತೆಗೆಯಿರಿ.